ರೋಬೋಟ್ ಸಹಾಯದ ಸೂಜಿ ಬಯಾಪ್ಸಿ: ಹೋಗುವ ಮುಂಚೆ, ಟೇಬಲ್ ಮೇಲೆ, ಮನೆಗೆ ಬಂದ ಮೇಲೆ

ಸಿಟಿ ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸಾರ್, ಸೂಜಿ ಚುಚ್ಚೋದು ರೋಬೋಟಾ?" ಕೇಳುವಾಗ ದನಿ ಸಣ್ಣಗಾಗಿರುತ್ತದೆ. ಕೈಯಲ್ಲಿ ಹಳೇ ಫಿಲ್ಮುಗಳ ದೊಡ್ಡ ಕವರ್ ಇರುತ್ತದೆ. ನಾನು ಸಿಟಿ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಆದರೆ ರೋಬೋಟ್ ನೆರವಿನಿಂದ ಒಳಗಿನ ಗಂಟಿಗೆ ಸೂಜಿ ಹಾಕಿ ಚೂರು ತೆಗೆಯುವ ಈ ಕೆಲಸವನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಟೇಬಲ್ ಮೇಲೆ ಮಲಗಿಸೋದು, ಮೈಕಿನಲ್ಲಿ "ಉಸಿರು ಹಿಡಿರಿ" ಅನ್ನೋದು, ಆಮೇಲೆ "ಬಿಡಿ" ಅನ್ನೋದು ನನ್ನ ಕೆಲಸ. ಬೆಂಚಿನ ಮೇಲೆ ಕೂತವರಿಗೆ ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಆ ಪ್ರಶ್ನೆಗೆ ಉತ್ತರ: ಸಾಮಾನ್ಯವಾಗಿ ಇಲ್ಲ. ರೋಬೋಟ್ ಮಾಡುವುದು ಗುರಿ ಹಿಡಿಯುವ ಕೆಲಸ. ಎಲ್ಲಿಂದ ಒಳಗೆ ಹೋಗಬೇಕು, ಯಾವ ಕೋನದಲ್ಲಿ, ಎಷ್ಟು ಆಳ ಅನ್ನೋದನ್ನು ಡಾಕ್ಟರ್ ಸ್ಕ್ಯಾನ್ ಚಿತ್ರದ ಮೇಲೆ ಗುರುತು ಮಾಡುತ್ತಾರೆ. ಯಂತ್ರದ ತೋಳು ಬಂದು ನಿಮ್ಮ ಚರ್ಮದ ಮೇಲೆ ಸರಿಯಾಗಿ ಅದೇ ಕೋನಕ್ಕೆ ಒಂದು ಸಣ್ಣ ಕೊಳವೆಯನ್ನು ಹಿಡಿದು ನಿಲ್ಲುತ್ತದೆ. ಆ ಕೊಳವೆಯ ಮೂಲಕ ಸೂಜಿ ತಳ್ಳುವುದು ಡಾಕ್ಟರ ಕೈ. ಸೂಜಿಯನ್ನು ತಾನೇ ಒಳಗೆ ನಡೆಸುವ ಯಂತ್ರಗಳೂ ಬಂದಿವೆ, ಆದರೆ ಅಲ್ಲೂ ನಡೆಸುವ ಹಿಡಿತ ಡಾಕ್ಟರದ್ದೇ. ಇನ್ನುಳಿದದ್ದು, ಅಂದರೆ ಅಲುಗಾಡದೆ ಮಲಗಿ ಪ್ರತಿ ಸಲ ಒಂದೇ ಅಳತೆಗೆ ಉಸಿರು ಹಿಡಿಯೋದು, ನಿಮ್ಮ ಪಾಲಿನ ಕೆಲಸ. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ಯಂತ್ರ ಎಷ್ಟೇ ಚೆನ್ನಾಗಿರಲಿ, ಇದು ತಪ್ಪಿದರೆ ಗುರಿ ತಪ್ಪುತ್ತದೆ.

ಯಾವ ರೋಬೋಟ್ ಅಂತ ಮೊದಲು ತಿಳಿದುಕೊಳ್ಳಿ

"ರೋಬೋಟಿಕ್" ಅನ್ನುವ ಒಂದೇ ಹೆಸರಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಡಾ ವಿಂಚಿ ಥರದ್ದು ಆಪರೇಷನ್ ಮಾಡುವ ರೋಬೋಟ್, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊನಾರ್ಕ್, ಅಯಾನ್ ಅನ್ನುವವು ಬಾಯಿಯ ಮೂಲಕ ಶ್ವಾಸನಾಳದೊಳಗೆ ತೆಳ್ಳಗಿನ ನಳಿಕೆ ಕಳಿಸಿ ಶ್ವಾಸಕೋಶದ ಒಳಗಿನ ಗಂಟನ್ನು ತಲುಪುತ್ತವೆ. ಪ್ರಾಸ್ಟೇಟ್ ಬಯಾಪ್ಸಿಗೆ ಸಿಂಗಾಪುರದ ಬಯೋಬಾಟ್ ಕಂಪನಿಯ ಮೋನಾ ಲಿಸಾ ಅನ್ನುವುದಿದೆ, ಅದು ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಮೇಲೆ ಕೂರಿಸಿ ಗುರಿ ಹಿಡಿಯುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ಸಿಟಿ ಟೇಬಲ್ ಪಕ್ಕ ನಿಲ್ಲುವ, ಚರ್ಮದ ಮೂಲಕ ಸೂಜಿ ಹಾಕಲು ನೆರವಾಗುವ ರೋಬೋಟ್ ಬಗ್ಗೆ. ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಇಂಥದ್ದೊಂದು ತಯಾರಾಗುತ್ತದೆ, ಎಪಿಯೋನ್ ಅಂತ ಹೆಸರು. ನಮಗೆ ಹತ್ತಿರದ್ದು ಅಂದರೆ ಚೆನ್ನೈನ ಪರ್ಫಿಂಟ್ ಕಂಪನಿಯ ರೋಬಿಯೋ ಮತ್ತು ಮ್ಯಾಕ್ಸಿಯೋ. ಇಂಥ ಯಂತ್ರವನ್ನು ನಮ್ಮ ಪಕ್ಕದ ಊರಲ್ಲೇ ಕಟ್ಟಿದ್ದಾರೆ ಅಂತ ಹೇಳಿದರೆ ಎಷ್ಟೋ ಜನರ ಮುಖ ಸಡಿಲವಾಗುವುದನ್ನು ನೋಡಿದ್ದೇನೆ.

ಈ ಯಂತ್ರದಿಂದ ಎರಡು ಥರದ ಕೆಲಸ ಆಗುತ್ತದೆ. ಒಂದು ಬಯಾಪ್ಸಿ, ಅಂದರೆ ಗಂಟಿನಿಂದ ಚೂರು ತೆಗೆದು ಅದೇನು ಅಂತ ನೋಡುವುದು. ಇನ್ನೊಂದು ಅಬ್ಲೇಷನ್, ಅಂದರೆ ಸೂಜಿಯ ತುದಿಯಿಂದ ಗಡ್ಡೆಯನ್ನು ಬಿಸಿಯಿಂದ ಸುಡುವುದು ಅಥವಾ ಹೆಪ್ಪುಗಟ್ಟಿಸಿ ಕೊಲ್ಲುವುದು. ಮೊದಲು ಬಯಾಪ್ಸಿ ಬಗ್ಗೆ ಹೇಳುತ್ತೇನೆ, ಜಾಸ್ತಿ ಜನ ಬರುವುದು ಅದಕ್ಕೇ.

ಡಾಕ್ಟರನ್ನು ಕೇಳಬೇಕಾದ್ದು

"ನನ್ನ ಗಂಟಿಗೆ ರೋಬೋಟ್ ಯಾಕೆ ಬೇಕು?" ಅಂತ ನೇರವಾಗಿ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆ ಅನ್ನುವ ಅಂಜಿಕೆ ಬೇಡ. ಗಂಟು ದೊಡ್ಡದಿದ್ದು, ಚರ್ಮಕ್ಕೆ ಹತ್ತಿರವಿದ್ದು, ದಾರಿಯಲ್ಲಿ ಏನೂ ಅಡ್ಡ ಬರದಿದ್ದರೆ ಅನುಭವಿ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಡಾಕ್ಟರ್, ಬರೀ ಕೈಯಲ್ಲಿ ಅಷ್ಟೇ ಚೆನ್ನಾಗಿ ಮಾಡುತ್ತಾರೆ. ರೋಬೋಟಿನ ಲಾಭ ತಿಳಿಯುವುದು ಗಂಟು ಸಣ್ಣದಿದ್ದು ಆಳದಲ್ಲಿದ್ದಾಗ, ಅಥವಾ ಪಕ್ಕೆಲುಬಿನ ಸಂದಿಯಿಂದ ಓರೆಯಾಗಿ ಮೇಲಕ್ಕೋ ಕೆಳಕ್ಕೋ ಹೋಗಬೇಕಾದಾಗ. ಸಿಟಿ ತೋರಿಸುವುದು ಬ್ರೆಡ್ ಹೋಳಿನ ಥರ ಅಡ್ಡಡ್ಡ ಕತ್ತರಿಸಿದ ಚಿತ್ರಗಳನ್ನು. ಸೂಜಿ ಒಂದೇ ಹೋಳಿನಲ್ಲಿ ನೇರವಾಗಿ ಹೋದರೆ ಕಣ್ಣಿಗೆ ಪೂರ್ತಿ ಕಾಣುತ್ತದೆ. ಹೋಳಿನಿಂದ ಹೋಳಿಗೆ ಓರೆಯಾಗಿ ದಾಟುತ್ತಾ ಹೋಗಬೇಕಾದರೆ ಕೈಯಲ್ಲಿ ಆ ಕೋನ ಅಂದಾಜು ಮಾಡೋದು ಕಷ್ಟ. ಆಗ ಸೂಜಿಯನ್ನು ಸ್ವಲ್ಪ ಹಿಂದೆ ತೆಗೆದು ಮತ್ತೆ ತಿರುಗಿಸಿ ಹಾಕಬೇಕಾಗುತ್ತದೆ, ಪ್ರತಿ ಸಲ ಇನ್ನೊಂದು ಸ್ಕ್ಯಾನ್ ಬೇಕಾಗುತ್ತದೆ. ಯಂತ್ರಕ್ಕೆ ಓರೆ ಕೋನ ಕಷ್ಟವೇ ಅಲ್ಲ.

ನನ್ನ ಅಭಿಪ್ರಾಯ ಒಂದಿದೆ, ಸುಮ್ನೆ ಹೇಳುತ್ತಿಲ್ಲ. ನಿಮ್ಮೂರಿನ ಹತ್ತಿರದ ಆಸ್ಪತ್ರೆಯಲ್ಲಿ ಒಳ್ಳೇ ರೇಡಿಯಾಲಜಿಸ್ಟ್ ಇದ್ದು "ಇದನ್ನು ಕೈಯಲ್ಲೇ ಮಾಡಬಹುದು" ಅಂದರೆ, ರೋಬೋಟಿಗಾಗಿ ಮೂರು ವಾರ ಕಾದು ಇನ್ನೊಂದು ಊರಿಗೆ ಹೋಗಬೇಡಿ. ಆ ಮೂರು ವಾರ ಚಿಕಿತ್ಸೆ ಶುರುವಾಗುವುದಕ್ಕೆ ಬೇಕು.

ಇನ್ನೊಂದು ಭಯ ನಮ್ಮ ಕಡೆ ಮನೆಮನೆಯಲ್ಲಿದೆ. "ಗಡ್ಡೆಗೆ ಸೂಜಿ ತಾಗಿದರೆ ಕೆರಳುತ್ತೆ, ಹರಡುತ್ತೆ." ಈ ಮಾತು ನಂಬಿ ತಿಂಗಳುಗಟ್ಟಲೆ ತಡ ಮಾಡಿ ಬಂದವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಣ ಉಳಿಯುವುದು ಇಲ್ಲವೇ ಇಲ್ಲ ಅಂತಲ್ಲ, ಆದರೆ ತುಂಬಾ ಅಪರೂಪ. ಅದನ್ನು ಕಡಿಮೆ ಮಾಡಲೂ ನೆರವಾಗಲಿ ಅಂತ ಹೊರಗೊಂದು ಸೂಜಿ, ಅದರ ಒಳಗೊಂದು ಸೂಜಿ ಬಳಸುತ್ತಾರೆ, ಚೂರು ತೆಗೆಯುವ ಸೂಜಿ ಹೊರಗಿನ ಸೂಜಿಯ ಕೊಳವೆಯಲ್ಲೇ ಹೋಗಿ ಬರುತ್ತದೆ. ವೃಷಣದ ಗಡ್ಡೆಯಂಥ ಕೆಲವು ಕಡೆ ಸೂಜಿ ಹಾಕಬಾರದು ಅಂತ ಡಾಕ್ಟರಿಗೇ ಗೊತ್ತು, ಅಲ್ಲಿ ಅವರೇ ಬೇಡ ಅನ್ನುತ್ತಾರೆ. ಚೂರು ಪರೀಕ್ಷೆ ಆಗದೆ ಯಾವ ಔಷಧಿ ಕೊಡಬೇಕು ಅಂತ ತೀರ್ಮಾನಿಸುವುದು ಹೇಗೆ, ಹೇಳಿ.

ಖರ್ಚಿನ ಬಗ್ಗೆಯೂ ಮೊದಲೇ ಕೇಳಿ. ರೋಬೋಟ್ ಚಾರ್ಜ್ ಬೇರೆಯಾ, ಪ್ಯಾಕೇಜಿನಲ್ಲಿ ಸೇರಿದೆಯಾ, ಲ್ಯಾಬ್ ಪರೀಕ್ಷೆಗಳು ಎಷ್ಟಾಗುತ್ತವೆ ಅಂತ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಅಡ್ಮಿಟ್ ಆಗುವ ಮುಂಚೆಯೇ ಕಾಣಬೇಕು. ಆಮೇಲೆ ಹೋದರೆ ಓಡಾಟ ಜಾಸ್ತಿ.

ಒಂದು ವಾರದ ಮುಂಚೆ

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಹೇಳಿ. ಕ್ಲೋಪಿಡೋಗ್ರೆಲ್, ವಾರ್ಫರಿನ್, ಆಸ್ಪಿರಿನ್, ಹೆಸರು ನೆನಪಿಲ್ಲದಿದ್ದರೆ ಮಾತ್ರೆಯ ಸ್ಟ್ರಿಪ್ಪನ್ನೇ ತನ್ನಿ. ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದವನ್ನು ಸಾಮಾನ್ಯವಾಗಿ 5 ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಆದರೆ ನೀವಾಗೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು. ನಾಟಿ ಔಷಧಿ, ಕಷಾಯ, ಪುಡಿ ಏನಾದರೂ ನಡೆಯುತ್ತಿದ್ದರೆ ಅದನ್ನೂ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡೋದೇ ತೊಂದರೆಗೆ ದಾರಿ.

ರಕ್ತ ಪರೀಕ್ಷೆಯಲ್ಲಿ ಮುಖ್ಯವಾಗಿ ಪ್ಲೇಟ್‌ಲೆಟ್ ಮತ್ತು ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ, ನೋಡುತ್ತಾರೆ. ಒಳಗಿನ ಅಂಗಗಳ ಬಯಾಪ್ಸಿಗೆ ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ ಇರಬೇಕು, ಐಎನ್‌ಆರ್ 1.5ರ ಆಸುಪಾಸಿನೊಳಗೆ ಇರಬೇಕು ಅನ್ನುವುದು ಸಾಮಾನ್ಯ ಅಳತೆ. ಬಣ್ಣದ ಇಂಜೆಕ್ಷನ್, ಅಂದರೆ ಕಾಂಟ್ರಾಸ್ಟ್, ಕೊಡುವುದಿದ್ದರೆ ಕಿಡ್ನಿಯ ಕ್ರಿಯಾಟಿನಿನ್ ಕೂಡ ಬೇಕು. ಹಿಂದೆ ಆ ಇಂಜೆಕ್ಷನ್ನಿಗೆ ಮೈ ತುರಿಸಿದ್ದು, ದದ್ದು ಎದ್ದದ್ದು ಇದ್ದರೆ ಹೇಳಿ. ಹೆಂಗಸರಿಗೆ ಮುಟ್ಟು ತಪ್ಪಿದ್ದರೆ ಅದನ್ನು ನಮ್ಮ ನರ್ಸ್ ಹತ್ತಿರವಾದರೂ ಹೇಳಿ.

ಈಗ ಉಸಿರಿನ ಅಭ್ಯಾಸ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಉಸಿರಾಡುವಾಗ ಲಿವರ್ರೂ ಶ್ವಾಸಕೋಶದ ಕೆಳಭಾಗವೂ ಮೇಲೆ ಕೆಳಗೆ ಒಂದೆರಡು ಸೆಂಟಿಮೀಟರ್ ಓಡಾಡುತ್ತವೆ. ಗಂಟೇ ಒಂದು ಸೆಂಟಿಮೀಟರ್ ಇದ್ದರೆ? ಸ್ಕ್ಯಾನ್ ಮಾಡಿದಾಗ ಒಂದು ಉಸಿರು, ಸೂಜಿ ಹೋಗುವಾಗ ಇನ್ನೊಂದು ಉಸಿರು ಆದರೆ ಗಂಟು ಆ ಜಾಗದಲ್ಲೇ ಇರುವುದಿಲ್ಲ. ರೋಬೋಟ್ ಮಾತ್ರ ಸ್ಕ್ಯಾನ್ ತೋರಿಸಿದ ಜಾಗಕ್ಕೇ ಗುರಿ ಹಿಡಿದು ನಿಂತಿರುತ್ತದೆ. ಹಾಗಾಗಿ ಮನೆಯಲ್ಲಿ ದಿನಕ್ಕೆ ಎರಡು ಸಲ ಮಲಗಿಕೊಂಡು ಅಭ್ಯಾಸ ಮಾಡಿ. ಪೂರಾ ಎದೆ ಉಬ್ಬಿಸಿ ಹಿಡಿಯಬೇಡಿ, ಅದು ಪ್ರತಿ ಸಲ ಬೇರೆ ಬೇರೆ ಆಗುತ್ತದೆ. ಮಾಮೂಲಿಯಾಗಿ ಉಸಿರು ಎಳೆದು, ಮಾಮೂಲಿಯಾಗಿ ಬಿಟ್ಟು, ಅಲ್ಲೇ ನಿಲ್ಲಿಸಿ. 10 ಎಣಿಸಿ. ನಿಧಾನಕ್ಕೆ 15ರವರೆಗೆ ಹೋಗಿ. ಮನೆಯವರು ಹೊಟ್ಟೆಯ ಮೇಲೆ ಕೈಯಿಟ್ಟು ಪ್ರತಿ ಸಲ ಒಂದೇ ಮಟ್ಟಕ್ಕೆ ನಿಲ್ಲುತ್ತಿದೆಯಾ ಅಂತ ನೋಡಬಹುದು. ಕೆಲವು ಡಾಕ್ಟರು ಸ್ವಲ್ಪ ಎಳೆದು ಹಿಡಿಯಲು ಹೇಳುತ್ತಾರೆ, ಹಾಗಾದರೆ ಅವರು ಹೇಳಿದ್ದನ್ನೇ ಅಭ್ಯಾಸ ಮಾಡಿ.

ಅಡಿಕೆ ತೋಟದ ಮನೆಯ ಅಜ್ಜಿಯೊಬ್ಬರು ಬಂದಿದ್ದರು, ಶ್ವಾಸಕೋಶದ ತಳದಲ್ಲಿ ಸಣ್ಣ ಗಂಟು. ಸೆಕೆಂಡ್ ಲೆಕ್ಕ ಅವರಿಗೆ ಹಿಡಿಯಲಿಲ್ಲ. "ಅಜ್ಜೀ, ಭತ್ತ ಅಳೆಯೋವಾಗ ಎಣಿಸ್ತೀರಲ್ಲ, ಹಾಗೇ ಮನಸ್ಸಿನಲ್ಲಿ ಎಣಿಸಿ" ಅಂದೆ. ಮುಖ ಅರಳಿತು. ಹೊರಗಿನ ಬೆಂಚಿನ ಮೇಲೇ ಕಣ್ಣು ಮುಚ್ಚಿ, ಸೆರಗಿನ ತುದಿ ಹಿಡಿದು, ತುಟಿ ಅಲ್ಲಾಡಿಸದೆ ಶುರು ಮಾಡಿದರು. ಲಾಭ, ಎರಡು, ಮೂರು, ನಾಲ್ಕು... ಹನ್ನೆರಡು ಕೊಳಗಕ್ಕೆ ಉಸಿರು ಬಿಟ್ಟರು. ಒಳಗೆ ಹೋದ ಮೇಲೆ ಮಾನಿಟರಿನಲ್ಲಿ ನೋಡಿದರೆ ಮೂರು ಸ್ಕ್ಯಾನಿನಲ್ಲೂ ಗಂಟು ಅದೇ ಜಾಗದಲ್ಲಿತ್ತು. ಸೂಜಿ ಒಂದೇ ಸಲಕ್ಕೆ ಹೋಯಿತು.

ಕೆಮ್ಮು ಇದ್ದರೆ ಮುಂಚೆಯೇ ಹೇಳಿ, ಔಷಧಿ ಕೊಡುತ್ತಾರೆ. ಬೋರಲು ಮಲಗಲು ಆಗುವುದಿಲ್ಲ, ಭುಜ ಎತ್ತಲು ಆಗುವುದಿಲ್ಲ ಅನ್ನುವುದನ್ನೂ ಅವತ್ತು ಟೇಬಲ್ ಮೇಲೆ ಹೇಳುವ ಬದಲು ಮುಂಚೆ ಹೇಳಿದರೆ ಬೇರೆ ದಾರಿ ಯೋಚಿಸಬಹುದು.

ಆ ದಿನ

ಸಾಮಾನ್ಯವಾಗಿ 4ರಿಂದ 6 ಗಂಟೆ ಖಾಲಿ ಹೊಟ್ಟೆ. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬಹುದಾ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಎಷ್ಟು ಅಂತ ಕೇಳದೆ ಹಾಕಿಕೊಳ್ಳಬೇಡಿ, ಏನೂ ತಿನ್ನದೆ ಪೂರಾ ಡೋಸ್ ಹಾಕಿಕೊಂಡು ಬೆಂಚಿನ ಮೇಲೇ ತಲೆ ಸುತ್ತಿ ಬಿದ್ದವರಿದ್ದಾರೆ.

ಹಳೇ ಸ್ಕ್ಯಾನ್‌ಗಳ ಸಿಡಿ ತನ್ನಿ, ಬರೀ ರಿಪೋರ್ಟ್ ಸಾಲದು. ಎದೆಯ ಕೆಲಸವಾದರೆ ಸರ, ತಾಳಿ ತೆಗೆಯಲೇಬೇಕು, ಲೋಹದಿಂದ ಚಿತ್ರದಲ್ಲಿ ಬಿಳಿ ಗೆರೆಗಳು ಬರುತ್ತವೆ, ಗಂಟು ಅದರಡಿ ಮುಚ್ಚಿಹೋಗುತ್ತದೆ. ಎಷ್ಟೋ ಅಮ್ಮಂದಿರು ಇದಕ್ಕೇ ಕಣ್ಣೀರು ಹಾಕುತ್ತಾರೆ. ಅರಿಶಿನ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಹಾಕಿಕೊಂಡು ಬನ್ನಿ, ಅದರಿಂದ ಚಿತ್ರಕ್ಕೆ ತೊಂದರೆಯಿಲ್ಲ. ಚಿನ್ನವನ್ನು ಮನೆಯಲ್ಲೇ ಬಿಟ್ಟು ಬಂದರೆ ಇನ್ನೂ ಒಳ್ಳೆಯದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಓದಿಸಿ ಕೇಳಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿ ಅನ್ನಿ. ಅದು ನಿಮ್ಮ ಹಕ್ಕು. ಶ್ವಾಸಕೋಶದ ಬಯಾಪ್ಸಿಯಲ್ಲಿ ನೂರರಲ್ಲಿ ಸುಮಾರು 20ರಿಂದ 25 ಜನರಿಗೆ ಶ್ವಾಸಕೋಶದ ಹೊರಗೆ ಸ್ವಲ್ಪ ಗಾಳಿ ಸೇರಿಕೊಳ್ಳುತ್ತದೆ. ಬಹಳಷ್ಟು ಸಲ ಅದು ತಾನಾಗೇ ಇಂಗುತ್ತದೆ. ಎದೆಗೆ ಟ್ಯೂಬ್ ಹಾಕಬೇಕಾಗುವುದು ನೂರಕ್ಕೆ 5-6 ಜನರಿಗೆ. ರೋಬೋಟ್ ಬಳಸಿದರೂ ಈ ಅಪಾಯ ಇದ್ದೇ ಇದೆ, "ರೋಬೋಟ್ ಅಂದ್ಮೇಲೆ ಏನೂ ಆಗಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಟೇಬಲ್ ಮೇಲೆ ಏನಾಗುತ್ತದೆ

ಗಂಟು ಎಲ್ಲಿದೆ ಅನ್ನುವುದರ ಮೇಲೆ ಅಂಗಾತ, ಬೋರಲು ಅಥವಾ ಮಗ್ಗುಲಾಗಿ ಮಲಗಿಸುತ್ತಾರೆ. ಕೆಲವು ಕಡೆ ಕೆಳಗೆ ಗಾಳಿ ಎಳೆದರೆ ಗಟ್ಟಿಯಾಗುವ ಹಾಸಿಗೆ ಇರುತ್ತದೆ, ಅದು ಮೈಯ ಆಕಾರಕ್ಕೆ ಕೂತು ಅಲುಗಾಡದ ಹಾಗೆ ಹಿಡಿದಿಡುತ್ತದೆ. ಆರಾಮಾಗಿಲ್ಲದಿದ್ದರೆ ಆಗಲೇ ಹೇಳಿ, ಮೊದಲ ಸ್ಕ್ಯಾನ್ ಆಗುವ ಮುಂಚೆ. ಆಮೇಲೆ ಸೊಂಟ ಸರಿಮಾಡಿಕೊಂಡರೂ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಮೊದಲ ಸ್ಕ್ಯಾನ್ ಆದ ಮೇಲೆ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಗಾಬರಿಯಾಗಬೇಡಿ, ನಿಮ್ಮನ್ನು ಯಾರೂ ಮರೆತಿಲ್ಲ. ಗಾಜಿನ ಆಚೆ ಡಾಕ್ಟರ್ ಚಿತ್ರದ ಮೇಲೆ ದಾರಿ ಹುಡುಕುತ್ತಿರುತ್ತಾರೆ, ರಕ್ತನಾಳ, ಕರುಳು, ಎಲುಬು ತಪ್ಪಿಸಿ. ಆಮೇಲೆ ರೋಬೋಟಿನ ತೋಳು ನಿಧಾನವಾಗಿ ನಿಮ್ಮ ಮೇಲೆ ಬರುತ್ತದೆ, ಸಣ್ಣ ಮೋಟರಿನ ಗುಂಯ್ ಅನ್ನುವ ಸದ್ದು ಕೇಳುತ್ತದೆ. ತೋಳಿನ ತುದಿಯಲ್ಲಿ ಪೆನ್ನಿನ ಕ್ಯಾಪಿನಷ್ಟು ಸಣ್ಣ ಪ್ಲಾಸ್ಟಿಕ್ ಕೊಳವೆ. ಅದು ಚರ್ಮದ ಹತ್ತಿರ ಬಂದು ನಿಲ್ಲುತ್ತದೆ, ಅಷ್ಟೇ.

ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಕೆಲವು ಸೆಕೆಂಡ್ ಉರಿಯುತ್ತದೆ. ನಿಜ ಹೇಳಬೇಕೆಂದರೆ ನೋವು ಅಂತ ಅನ್ನಿಸುವುದು ಜಾಸ್ತಿ ಅದೇ. ಆಮೇಲೆ ಒತ್ತಿದ ಹಾಗೆ ಅನ್ನಿಸುತ್ತದೆ. "ಉಸಿರು ಬಿಟ್ಟು ಹಿಡಿರಿ" ಅಂದಾಗ ಮನೆಯಲ್ಲಿ ಮಾಡಿದ್ದನ್ನೇ ಮಾಡಿ. ಕೊಳವೆಯೊಳಗಿಂದ ಸೂಜಿ ಹೋಗುತ್ತದೆ, ಎಷ್ಟು ಆಳ ಅನ್ನುವ ಲೆಕ್ಕ ಮುಂಚೆಯೇ ಆಗಿರುತ್ತದೆ. ನಂತರ ತೋಳು ಕೊಳವೆಯನ್ನು ಬಿಟ್ಟು ಹಿಂದೆ ಸರಿಯುತ್ತದೆ, ಸೂಜಿ ಸರಿಯಾಗಿ ಕೂತಿದೆಯಾ ಅಂತ ಇನ್ನೊಂದು ಸ್ಕ್ಯಾನ್. ಈಗ ಚೂರು ತೆಗೆಯುವ ಸೂಜಿ. ಅದರಿಂದ ಸ್ಟೇಪ್ಲರ್ ಒತ್ತಿದ ಹಾಗೆ "ಟಕ್" ಅಂತ ಸದ್ದು ಬರುತ್ತದೆ. ಆ ಸದ್ದಿಗೆ ಬೆಚ್ಚಿ ಅಲುಗಾಡುವವರು ಬಹಳ, ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ಎರಡು ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಟಕ್ ಅನ್ನಬಹುದು. ಬರುವ ಚೂರು ದಾರದ ಎಳೆಯಷ್ಟು ತೆಳ್ಳಗೆ, ಒಂದರಿಂದ ಎರಡು ಸೆಂಟಿಮೀಟರ್ ಉದ್ದ.

ಸ್ಕ್ಯಾನ್ ಆಗುವಾಗ ಎಲ್ಲರೂ ಹೊರಗೆ ಹೋಗುತ್ತೇವೆ, ನೀವೊಬ್ಬರೇ ಇರುತ್ತೀರಿ. ಮೈಕ್ ಎರಡೂ ಕಡೆ ಕೆಲಸ ಮಾಡುತ್ತದೆ. ಕೆಮ್ಮು ಬರುವ ಹಾಗಿದ್ದರೆ "ಕೆಮ್ಮು" ಅಂತ ಬಾಯಲ್ಲಿ ಹೇಳಿ, ತಲೆ ಎತ್ತಬೇಡಿ, ಕೈ ಎತ್ತಬೇಡಿ.

ಡಬ್ಬಿಯ ವಿಷಯ

ನಮ್ಮಲ್ಲಿ ಎಷ್ಟೋ ಕಡೆ ಚೂರಿನ ಡಬ್ಬಿಯನ್ನು ಲ್ಯಾಬಿಗೆ ಒಯ್ಯುವುದು ಮನೆಯವರೇ. ಇಷ್ಟೆಲ್ಲ ಯಂತ್ರ, ಇಷ್ಟೆಲ್ಲ ಕಷ್ಟ ಆದ ಮೇಲೆ ಆ ಪುಟ್ಟ ಡಬ್ಬಿ ಬೆಂಚಿನ ಮೇಲೆ ಮರೆತುಹೋಗಬಾರದು. ಕೈಗೆ ಬಂದ ಕೂಡಲೇ ಹೆಸರು, ವಯಸ್ಸು, ಆಸ್ಪತ್ರೆ ನಂಬರ್, ಯಾವ ಅಂಗ, ಎಡವೋ ಬಲವೋ ಓದಿ ನೋಡಿ. ಮುಚ್ಚಳ ಬಿಗಿಯಾಗಿದೆಯಾ, ಚೂರು ದ್ರವದಲ್ಲಿ ಮುಳುಗಿದೆಯಾ ನೋಡಿ. ಜೊತೆಗಿನ ಫಾರಂ ಇದೆಯಾ ನೋಡಿ. ಲ್ಯಾಬಿನಲ್ಲಿ ಕೊಟ್ಟಿದ್ದಕ್ಕೆ ರಸೀದಿ ತೆಗೆದುಕೊಳ್ಳಿ.

ಇನ್ನೊಂದು ಮಾತು, ನಮ್ಮ ದೇಶದಲ್ಲಿ ತುಂಬಾ ಮುಖ್ಯ. ಸ್ಕ್ಯಾನಿನಲ್ಲಿ ಕ್ಯಾನ್ಸರ್ ಥರ ಕಾಣುವ ಗಂಟು ಕ್ಷಯವೂ ಆಗಿರಬಹುದು. ಬಯಾಪ್ಸಿ ಚೂರನ್ನು ಸಾಮಾನ್ಯವಾಗಿ ಫಾರ್ಮಲಿನ್‌ಗೆ, ಅಂದರೆ ಕೆಡದ ಹಾಗೆ ಇಡುವ ದ್ರವಕ್ಕೆ, ಹಾಕುತ್ತಾರೆ, ಅದರಲ್ಲಿ ಕ್ಷಯದ ರೋಗಾಣು ಸಾಯುತ್ತದೆ, ಆಮೇಲೆ ಅದನ್ನು ಬೆಳೆಸಿ ನೋಡುವ ಪರೀಕ್ಷೆ ಮಾಡಲಾಗುವುದಿಲ್ಲ. ಹಾಗಾಗಿ "ಕ್ಷಯದ ಪರೀಕ್ಷೆಗೂ ಒಂದು ಚೂರು ಸಲೈನ್‌ನಲ್ಲಿ ಬೇರೆ ತೆಗೆದಿಡ್ತೀರಾ?" ಅಂತ ಒಳಗೆ ಹೋಗುವ ಮುಂಚೆಯೇ ಕೇಳಿ. ಆ ಒಂದು ಪ್ರಶ್ನೆಯಿಂದ ಎರಡನೇ ಸಲ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪಬಹುದು.

ಮುಗಿದ ಮೇಲೆ

ಶ್ವಾಸಕೋಶದ ಬಯಾಪ್ಸಿಯಾದರೆ ಚುಚ್ಚಿದ ಭಾಗ ಕೆಳಗೆ ಬರುವ ಹಾಗೆ ಒಂದೆರಡು ಗಂಟೆ ಮಲಗಿಸುತ್ತಾರೆ. ಮಾತು ಕಡಿಮೆ ಮಾಡಿ. ನೋಡಲು ಬಂದ ನೆಂಟರೂ ಹೊರಗಿದ್ದರೆ ಒಳ್ಳೆಯದು. ಗಾಳಿ ಸೇರಿಕೊಂಡಿದೆಯಾ ಅಂತ ಒಂದು ಗಂಟೆಯಾದ ಮೇಲೆ ಒಂದು ಸಲ, ಮೂರ್ನಾಲ್ಕು ಗಂಟೆಯಾದ ಮೇಲೆ ಇನ್ನೊಂದು ಸಲ ಎದೆಯ ಎಕ್ಸ್‌ರೇ ತೆಗೆಯುವುದು ರೂಢಿ. ಕಫದಲ್ಲಿ ಒಂದೆರಡು ಎಳೆ ರಕ್ತ ಬಂದರೆ ಹೆದರಬೇಡಿ, ನರ್ಸಿಗೆ ಹೇಳಿ.

ದೂರದ ಊರಿನವರು ಅವತ್ತೇ ರಾತ್ರಿ ಬಸ್ಸು ಹತ್ತಬೇಡಿ. ಗಾಳಿಯ ತೊಂದರೆ ಕೆಲವರಿಗೆ ತಡವಾಗಿ ಕಾಣಿಸಿಕೊಳ್ಳುತ್ತದೆ, ನಡುರಾತ್ರಿ ಘಾಟಿಯಲ್ಲಿ ಉಸಿರು ಕಟ್ಟಿದರೆ ಯಾರನ್ನು ಕರೆಯುತ್ತೀರಿ? ಒಂದು ರಾತ್ರಿ ಆಸ್ಪತ್ರೆಗೆ ಹತ್ತಿರದಲ್ಲೇ ಉಳಿಯಿರಿ. ಗಾಳಿ ಸೇರಿಕೊಂಡಿತ್ತು ಅಂತಾದರೆ ಡಾಕ್ಟರ್ ಸರಿ ಅನ್ನುವವರೆಗೆ ವಿಮಾನ ಬೇಡವೇ ಬೇಡ. ಕೆಲವು ದಿನ ಭಾರ ಎತ್ತಬೇಡಿ, ಮಂಪರು ಔಷಧಿ ಕೊಟ್ಟಿದ್ದರೆ ಅವತ್ತು ಗಾಡಿ ಓಡಿಸಬೇಡಿ.

ಉಸಿರು ಸಿಗದ ಹಾಗಾದರೆ, ಎದೆನೋವು ಏರುತ್ತಿದ್ದರೆ, ಜಾಸ್ತಿ ರಕ್ತ ಕೆಮ್ಮಿದರೆ, ತಲೆ ಸುತ್ತಿ ಮೈ ಬೆವರಿದರೆ, ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಹೊರಡಿ. ಲಿವರ್ ಬಯಾಪ್ಸಿ ಆದವರಿಗೆ ಬಲಭುಜ ನೋಯಬಹುದು. ಸ್ವಲ್ಪ ಇದ್ದು ಹೋದರೆ ಸರಿ. ಹೊಟ್ಟೆನೋವಿನ ಜೊತೆ ಏರುತ್ತಲೇ ಇದ್ದರೆ ಒಳಗೆ ರಕ್ತ ಹೋಗುತ್ತಿರಬಹುದು, ತಡಮಾಡಬೇಡಿ.

ಅಬ್ಲೇಷನ್ ಆದರೆ

ತಯಾರಿ ಹೆಚ್ಚುಕಮ್ಮಿ ಇದೇ, ಆದರೆ ಬಹುಪಾಲು ಅರಿವಳಿಕೆ ಕೊಟ್ಟು ಮಾಡುತ್ತಾರೆ, ಹಾಗಾಗಿ ಒಂದೆರಡು ದಿನ ಅಡ್ಮಿಟ್ ಆಗಬೇಕಾಗಬಹುದು. ಲಿವರಿನಲ್ಲಿ 3 ಸೆಂಟಿಮೀಟರ್ ಒಳಗಿನ ಗಡ್ಡೆಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 60 ಡಿಗ್ರಿ ದಾಟಿದರೆ ಆ ಜಾಗದ ಜೀವಕಣಗಳು ಬೆಂದು ಸಾಯುತ್ತವೆ. ಗಡ್ಡೆಯನ್ನಷ್ಟೇ ಸುಟ್ಟರೆ ಸಾಲದು, ಸುತ್ತ 5ರಿಂದ 10 ಮಿಲಿಮೀಟರ್ ಒಳ್ಳೇ ಭಾಗವನ್ನೂ ಸೇರಿಸಿ ಸುಡಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಮತ್ತೆ ಚಿಗುರುತ್ತದೆ. ಗಡ್ಡೆ ಸ್ವಲ್ಪ ದೊಡ್ಡದಿದ್ದು ಎರಡು ಮೂರು ಸೂಜಿಗಳನ್ನು ಅಳತೆ ತಪ್ಪದೆ ಅಕ್ಕಪಕ್ಕ ಕೂರಿಸಬೇಕಾದಾಗ ರೋಬೋಟಿನ ಬೆಲೆ ಗೊತ್ತಾಗುತ್ತದೆ. "ಅಂಚು ಎಷ್ಟು ಸಿಕ್ಕಿತು ಡಾಕ್ಟರೇ?" ಅಂತ ಆಮೇಲೆ ಕೇಳಿ. ಒಂದು ವಾರದವರೆಗೆ ಸಣ್ಣ ಜ್ವರ, ಸುಸ್ತು ಇರಬಹುದು. ಸುಮಾರು ಒಂದು ತಿಂಗಳಿಗೆ ಮತ್ತೆ ಸ್ಕ್ಯಾನ್, ಆಮೇಲೆ ಮೂರು ತಿಂಗಳಿಗೊಮ್ಮೆ. ಮೈ ಚೆನ್ನಾಗಿದೆ ಅಂತ ಆ ಸ್ಕ್ಯಾನ್ ತಪ್ಪಿಸಬೇಡಿ, ಅಂಚಿನಲ್ಲಿ ಉಳಿದಿದ್ದರೆ ಬೇಗ ಸಿಕ್ಕಿದಷ್ಟೂ ಮತ್ತೊಮ್ಮೆ ಸುಡುವುದು ಸುಲಭ.

ರಿಪೋರ್ಟ್ ಬಂದಾಗ

ಮೊದಲ ರಿಪೋರ್ಟ್ ಕೆಲವು ದಿನಗಳಲ್ಲಿ ಬರುತ್ತದೆ. ಯಾವ ಥರದ ಕ್ಯಾನ್ಸರ್ ಅಂತ ಖಚಿತ ಮಾಡಲು ಐಎಚ್‌ಸಿ, ಅಂದರೆ ಚೂರಿಗೆ ವಿಶೇಷ ಬಣ್ಣ ಹಾಕಿ ನೋಡುವ ಪರೀಕ್ಷೆ, ಬೇಕಾದರೆ ಇನ್ನಷ್ಟು ದಿನ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಥರದ ಜೀನ್ ಪರೀಕ್ಷೆಗೆ ಒಂದೆರಡು ವಾರ ಹಿಡಿಯಬಹುದು, ಆದರೆ ಅದರಿಂದ ಮಾತ್ರೆಯಲ್ಲೇ ಚಿಕಿತ್ಸೆ ಸಿಗುವ ಸಾಧ್ಯತೆ ತಿಳಿಯುತ್ತದೆ, ಕಾಯುವುದಕ್ಕೆ ಅರ್ಥವಿದೆ.

ರಿಪೋರ್ಟಿನಲ್ಲಿ "ಚೂರು ಸಾಲದು" ಅಥವಾ "ಖಚಿತವಾಗಿ ಹೇಳಲಾಗದು" ಅಂತ ಬಂದರೆ ಕ್ಯಾನ್ಸರ್ ಇಲ್ಲ ಅಂತ ಅರ್ಥ ಅಲ್ಲ. ಸಿಹಿ ಹಂಚಿ ಊರಿಗೆ ಹೋದ ಕುಟುಂಬವೊಂದು ಆರು ತಿಂಗಳ ಮೇಲೆ ವಾಪಸ್ ಬಂದದ್ದು ನನ್ನ ಕಣ್ಣಲ್ಲಿ ಹಾಗೇ ಇದೆ. ಅಂಥ ರಿಪೋರ್ಟ್ ಬಂದರೆ ಅದನ್ನೂ ಸಿಡಿಯನ್ನೂ ಹಿಡಿದುಕೊಂಡು ಅದೇ ವಾರ ಡಾಕ್ಟರ ಹತ್ತಿರ ಹೋಗಿ, ಮತ್ತೆ ಬಯಾಪ್ಸಿ ಬೇಕಾ, ಬೇರೆ ದಾರಿಯಿಂದ ತೆಗೆಯಬಹುದಾ ಕೇಳಿ. ಬೇರೆ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಬೇಕಿದ್ದರೆ ಲ್ಯಾಬಿನಿಂದ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ ಪಡೆಯಿರಿ. ಸ್ಲೈಡ್ ಅಂದರೆ ಚೂರಿನ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿ, ಬ್ಲಾಕ್ ಅಂದರೆ ನಿಮ್ಮ ಚೂರನ್ನು ಇಟ್ಟಿರುವ ಮೇಣದ ತುಂಡು. ಮೇಣ ಬಿಸಿಲಿಗೆ ಕರಗುತ್ತದೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.